ಎರಡನೇ ಫ್ಲ್ಯಾಟೋ, ಪನ್ವೇಲ್ ಟವರೋ, ಗಾಳಾನೋ?

ಪ್ರಶ್ನೆ: ನನಗೆ 52 ವರ್ಷ. ಥಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಊರು ಕುಂದಾಪುರದ ಕಡೆ. ಡೊಂಬಿವಲಿ ಪೂರ್ವದಲ್ಲಿ ಸ್ವಂತ ಒನ್ ಬಿಎಚ್‌ಕೆ ಇದೆ, ಸಾಲ ತೀರಿದೆ. ಕೈಯಲ್ಲಿ 22 ಲಕ್ಷ ಉಳಿತಾಯ ಇದೆ. ಮಗಳು ಈಗ 12ನೇ ಕ್ಲಾಸ್. ನಮ್ಮ ಕೆಲಸಕ್ಕೆ ಪೆನ್ಶನ್ ಇಲ್ಲ, ಹಾಗಾಗಿ ಬಾಡಿಗೆ ಬರುವಂಥದ್ದು ಏನಾದರೂ ಮಾಡಿಡಬೇಕು ಅಂತ ಆಸೆ. ಹತ್ತಿರದಲ್ಲೇ 15 ವರ್ಷ ಹಳೆಯ ಒನ್ ಬಿಎಚ್‌ಕೆ 42 ಲಕ್ಷಕ್ಕೆ ಸಿಗುತ್ತಿದೆ, 20 ಲಕ್ಷ ಸಾಲ ಮಾಡಿದರೆ ಸಾಕು. ಪನ್ವೇಲ್ ಕಡೆ ಏರ್‌ಪೋರ್ಟ್ ಹತ್ತಿರದ ಟವರಿನಲ್ಲಿ ಬುಕ್ ಮಾಡು ಅನ್ನುತ್ತಾರೆ ಗೆಳೆಯರು. ಗಾಳಾ, ಅಂದರೆ ಅಂಗಡಿ ಮಳಿಗೆ, ತಗೊಂಡರೆ ಬಾಡಿಗೆ ಜಾಸ್ತಿ ಅಂತ ಇನ್ನೊಬ್ಬರು. ಊರಿನಲ್ಲಿ ಸೈಟು ತಗೋ ಅಂತ ಭಾವ. ಬ್ರೋಕರ್ ಭಾನುವಾರದೊಳಗೆ 51,000 ಟೋಕನ್ ಕೊಡಿ ಅನ್ನುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಲೆಕ್ಕದಲ್ಲಿರುವ ಒಂದು ತೂತು ಮುಚ್ಚೋಣ. 42 ಲಕ್ಷಕ್ಕೆ 20 ಸಾಲ, 22 ಕೈಯಿಂದ, ಸರಿಹೋಯಿತು ಅಂದುಕೊಂಡಿದ್ದೀರಿ. ಸರಿಹೋಗುವುದಿಲ್ಲ. 42 ಅನ್ನುವುದು ಮಾರುವವರ ಕೈಗೆ ಹೋಗುವ ದುಡ್ಡು. ನಿಮ್ಮ ಕೈಯಿಂದ ಹೋಗುವುದು ಅದಕ್ಕಿಂತ ಜಾಸ್ತಿ. ಕಲ್ಯಾಣ-ಡೊಂಬಿವಲಿ ಪಾಲಿಕೆಯ ವ್ಯಾಪ್ತಿಯಲ್ಲಿ ಸ್ಟಾಂಪ್ ಡ್ಯೂಟಿ, ಮೆಟ್ರೊ ಸೆಸ್ ಎಲ್ಲ ಸೇರಿ 7 ಪರ್ಸೆಂಟ್, ಅಂದರೆ 2.94 ಲಕ್ಷ. ರಿಜಿಸ್ಟ್ರೇಶನ್ 30,000. ಬ್ರೋಕರಿಗೆ 2 ಪರ್ಸೆಂಟ್ ಹಿಡಿದರೆ 84,000. ಮನೆ ನಿಮ್ಮ ಹೆಸರಿಗೆ ಮಾಡಿಕೊಡಲು ಸೊಸೈಟಿ (ಕಟ್ಟಡದ ಮನೆ ಮಾಲೀಕರ ಸಂಘ) ತಗೊಳ್ಳುವ ಟ್ರಾನ್ಸ್‌ಫರ್ ಪ್ರೀಮಿಯಂ 25,000. (ಪಾಲಿಕೆ ಪ್ರದೇಶದಲ್ಲಿ ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. 'ಡೊನೇಶನ್' ಅಂತ ಹೆಸರು ಬದಲಿಸಿ ಕೇಳುತ್ತಾರೆ, ಅದಕ್ಕೂ ಬಗ್ಗಬೇಕಾಗಿಲ್ಲ.) 15 ವರ್ಷದ ಮನೆ ಅಂದ ಮೇಲೆ ಬಣ್ಣ, ಬಾತ್‌ರೂಮಿನ ಲೀಕೇಜು, ವೈರಿಂಗ್ ಅಂತ ಒಂದು ಲಕ್ಷ ಬೇಕೇ ಬೇಕು. ಕೂಡಿಸಿ ನೋಡಿ: 47.33 ಲಕ್ಷ.

ಈ ಮೇಲಿನ 5.33 ಲಕ್ಷ ಎಲ್ಲಿಂದ ಬರುತ್ತದೆ? ಸ್ಟಾಂಪ್ ಡ್ಯೂಟಿ, ರಿಜಿಸ್ಟ್ರೇಶನ್ ಖರ್ಚನ್ನು ಬ್ಯಾಂಕುಗಳು ಇಂಥ ಮನೆಸಾಲದಲ್ಲಿ ಸೇರಿಸಿ ಕೊಡುವುದಿಲ್ಲ. ನನ್ನ 27 ವರ್ಷದ ಸಿಎ ಕೆಲಸದಲ್ಲಿ ನೋಡಿದ್ದು ಹೇಳಲಾ? ಆ ಐದು ಲಕ್ಷ ಹೆಂಡತಿಯ ಬಳೆ, ಕರಿಮಣಿ ಸರದಿಂದ ಬರುತ್ತದೆ. ರಿಜಿಸ್ಟ್ರೇಶನ್‌ಗೆ ನಾಲ್ಕು ದಿನ ಇರುವಾಗ ಗೋಲ್ಡ್ ಲೋನ್ ಮಾಡುತ್ತಾರೆ. ಮನೆಸಾಲದ ಕಂತಿನ ಜತೆ ಅದರ ಬಡ್ಡಿಯೂ ಶುರುವಾಗುತ್ತದೆ. ನಿಮ್ಮ ಕೈಯಲ್ಲಿ 22 ಲಕ್ಷ ಇದೆ ಅಂದರೆ, ಆಸ್ಪತ್ರೆ-ಕಾಲೇಜು ಅಂತ ಒಂದು 5 ಲಕ್ಷ ಪಕ್ಕಕ್ಕಿಟ್ಟು, ಮನೆಗೆ ಹಾಕಬಹುದಾದದ್ದು 17 ಲಕ್ಷ ಮಾತ್ರ. 17 ಲಕ್ಷದವರು 47 ಲಕ್ಷದ ವಸ್ತು ಕೊಳ್ಳಲು ಹೊರಟಿದ್ದಾರೆ, ಅಲ್ವಾ?

ಇನ್ನು ಬಾಡಿಗೆ. ನೀವು ಹೋಟೆಲಿನಲ್ಲಿ ಇರುವವರು, ನಿಮಗೆ ಇದು ಹೇಳಿಕೊಡಬೇಕಾಗಿಲ್ಲ. ದಿನದ ಗಲ್ಲೆ 40,000 ಆಯಿತು ಅಂದರೆ ಅದನ್ನು ಲಾಭ ಅಂತ ನೀವು ಧಣಿಗೆ ಹೇಳುವುದಿಲ್ಲ. ತರಕಾರಿ, ಗ್ಯಾಸ್, ಸಂಬಳ, ಹಾಳಾದ ಹಿಟ್ಟು ಎಲ್ಲ ಕಳೆದು ಹೇಳುತ್ತೀರಿ. ಅದೇ ಮನುಷ್ಯ ಫ್ಲ್ಯಾಟಿನ ವಿಷಯಕ್ಕೆ ಬಂದರೆ 'ತಿಂಗಳಿಗೆ 13,000 ಬಾಡಿಗೆ ಬರುತ್ತದೆ' ಅಂತ ಗಲ್ಲೆಯನ್ನೇ ಲಾಭ ಮಾಡಿಬಿಡುತ್ತಾನೆ. 13,000 ಅಂತಲೇ ಹಿಡಿಯೋಣ. ವರ್ಷಕ್ಕೆ 1.56 ಲಕ್ಷ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ಮಧ್ಯೆ ಖಾಲಿ ಇರುತ್ತದೆ. ಸರಾಸರಿ ವರ್ಷಕ್ಕೆ ಒಂದು ತಿಂಗಳು ಅಂದರೂ 1.43 ಲಕ್ಷ ಉಳಿಯಿತು. ಮೇಂಟೆನೆನ್ಸ್ ಮುಂಬಯಿ ಕಡೆ ಮನೆ ಮಾಲೀಕನದ್ದೇ. ತಿಂಗಳಿಗೆ 1,800 ಅಂದರೆ 21,600. ಪಾಲಿಕೆ ತೆರಿಗೆ 7,000. ಬಾಡಿಗೆಗೆ ಕೊಟ್ಟಿದ್ದಕ್ಕೆ ಸೊಸೈಟಿ ನಾನ್-ಆಕ್ಯುಪೆನ್ಸಿ ಚಾರ್ಜ್ ಹಾಕುತ್ತದೆ, ಸರ್ವಿಸ್ ಚಾರ್ಜಿನ 10 ಪರ್ಸೆಂಟ್ ಮೀರುವಂತಿಲ್ಲ; 1,500 ಇರಲಿ. ಎರಡು ವರ್ಷಕ್ಕೊಮ್ಮೆ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಅಂದರೆ ವರ್ಷಕ್ಕೆ 6,500. ನಲ್ಲಿ, ಗೀಸರ್, ಕಿಟಕಿಯ ಗಾಜು ಅಂತ 8,000. ಕೈಯಲ್ಲಿ ಉಳಿದದ್ದು 98,400. 47.33 ಲಕ್ಷಕ್ಕೆ ಇದು ಎರಡು ಪರ್ಸೆಂಟ್ ಚಿಲ್ಲರೆ. ನಿಮ್ಮ ಬ್ಯಾಂಕಿನ ಎಫ್‌ಡಿ ಬಡ್ಡಿ ಎಷ್ಟಿದೆ ಅಂತ ಪಾಸ್‌ಬುಕ್ ತೆಗೆದು ನೋಡಿ.

ಸಾಲದ ಕಡೆ ಬನ್ನಿ. 20 ಲಕ್ಷಕ್ಕೆ 8.5 ಪರ್ಸೆಂಟ್ ಬಡ್ಡಿ, 10 ವರ್ಷ ಅಂದರೆ ಕಂತು 24,800. ಖರ್ಚೆಲ್ಲ ಕಳೆದು ಮನೆ ಕೊಡುವುದು ತಿಂಗಳಿಗೆ 8,200. ಉಳಿದ 16,600 ನಿಮ್ಮ ಸಂಬಳದಿಂದ, ನಿಮಗೆ 62 ಆಗುವವರೆಗೆ. ಹೋಟೆಲಿನಲ್ಲಿ 62ರವರೆಗೆ ನಿಂತು ಕೆಲಸ ಮಾಡುವವರು ಎಷ್ಟು ಜನ ಇದ್ದಾರೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

'ಬಾಡಿಗೆ ಬಿಡಿ, ರೇಟು ಏರುತ್ತದಲ್ಲ' ಅನ್ನುತ್ತೀರಿ. ಏರಬಹುದು. 1990ರ ದಶಕದಲ್ಲಿ ಡೊಂಬಿವಲಿಗೆ ಬಂದು ಮನೆ ಮಾಡಿದ ನಮ್ಮವರೆಲ್ಲ ಇವತ್ತು ನಗುತ್ತಿದ್ದಾರೆ, ಒಪ್ಪಿದೆ. ಆದರೆ ಅವರು ಇರಲಿಕ್ಕೆ ಮನೆ ಕೊಂಡವರು, 25-30 ವರ್ಷ ಮಾರದೆ ಕೂತವರು. ನಿಮ್ಮ ಮನೆಯಲ್ಲಿ ಇನ್ನು ಒಂದು ವರ್ಷಕ್ಕೆ ಕಾಲೇಜು ಫೀಸು, ಆರೇಳು ವರ್ಷಕ್ಕೆ ಮದುವೆಯ ಮಾತು. ಆಗ ದುಡ್ಡು ಬೇಕಾದರೆ ಹಾಲ್ ಮಾರಿ ಬೆಡ್‌ರೂಮ್ ಇಟ್ಟುಕೊಳ್ಳಲು ಆಗುವುದಿಲ್ಲ ಮಾರಾಯ್ರೇ. ಮಾರಿದರೆ ಇಡೀ ಫ್ಲ್ಯಾಟನ್ನೇ ಮಾರಬೇಕು. ಅದೂ ಗಿರಾಕಿ ಸಿಕ್ಕಿ, ಅವನಿಗೆ ಸಾಲ ಸಿಕ್ಕಿ, ಮೂರು-ನಾಲ್ಕು ತಿಂಗಳಾದ ಮೇಲೆ. ತೆರಿಗೆಯೂ ಬದಲಾಗಿದೆ. 2024ರ ಜುಲೈ 23ರ ಮೊದಲು ಕೊಂಡ ಮನೆ ಮಾರಿದರೆ ಹಣದುಬ್ಬರದ ಲೆಕ್ಕ ಹಿಡಿದು ಲಾಭದ ಮೇಲೆ 20 ಪರ್ಸೆಂಟ್ ಕಟ್ಟುವ ಆಯ್ಕೆ ಇದೆ, ಅಥವಾ ಆ ಲೆಕ್ಕ ಇಲ್ಲದೆ 12.5 ಪರ್ಸೆಂಟ್. ಈಗ ಕೊಳ್ಳುವ ಮನೆಗೆ ಆ ಆಯ್ಕೆ ಇಲ್ಲ. ಎರಡು ವರ್ಷ ದಾಟಿ ಮಾರಿದರೆ ಇಡೀ ಲಾಭದ ಮೇಲೆ 12.5. ಅಂದರೆ ನಿಮ್ಮ ಈಗಿನ ಹಳೆಯ ಮನೆಗಿರುವ ಸವಲತ್ತು ಎರಡನೇ ಮನೆಗೆ ಇಲ್ಲ.

ಸಾಲದ ಬಡ್ಡಿಯಿಂದ ಟ್ಯಾಕ್ಸ್ ಉಳಿಯುತ್ತದೆ ಅಂತ ಬ್ರೋಕರ್ ಹೇಳಿರಬೇಕು. ಅವರೆಲ್ಲರೂ ಹೇಳುತ್ತಾರೆ. ಬಾಡಿಗೆ ಆದಾಯದಲ್ಲಿ ಪಾಲಿಕೆ ತೆರಿಗೆ ಕಳೆದು, ಉಳಿದದ್ದರಲ್ಲಿ 30 ಪರ್ಸೆಂಟ್ ಬಿಟ್ಟು, ಬಡ್ಡಿ ಕಳೆಯಬಹುದು, ನಿಜ. ನಿಮ್ಮ ಲೆಕ್ಕದಲ್ಲಿ ಮೊದಲ ವರ್ಷದ ಬಡ್ಡಿಯೇ 1.6 ಲಕ್ಷದ ಮೇಲೆ, ಹಾಗಾಗಿ ಕಾಗದದ ಮೇಲೆ ನಷ್ಟ ಬರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಆ ನಷ್ಟವನ್ನು 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಕಳೆಯಲು ಬಿಡುವುದಿಲ್ಲ. ಅಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ಹೇಗೂ ತೆರಿಗೆ ಇಲ್ಲ. ಕಟ್ಟದೇ ಇರುವ ಟ್ಯಾಕ್ಸನ್ನು ಉಳಿಸಲು ಬಡ್ಡಿ ಕಟ್ಟುವುದು ಯಾವ ಜಾಣತನ?

ಮಹಿಳೆಯ ಹೆಸರಿನಲ್ಲಿ ಕೊಂಡರೆ ಸ್ಟಾಂಪ್ ಡ್ಯೂಟಿಯಲ್ಲಿ 1 ಪರ್ಸೆಂಟ್ ರಿಯಾಯಿತಿ ಇದೆ. ನಿಮಗೆ 42,000 ಉಳಿಯುತ್ತದೆ. ಆದರೆ ಮನೆ ಪತ್ನಿಯೊಬ್ಬರ ಹೆಸರಿನಲ್ಲೇ ಇರಬೇಕು, ಗಂಡ-ಹೆಂಡತಿ ಜಂಟಿ ಅಂದರೆ ಸಿಗುವುದಿಲ್ಲ. ದುಡ್ಡು ನಿಮ್ಮದು, ಹೆಸರು ಅವರದು ಆದರೆ ಬಾಡಿಗೆ ಆದಾಯ ಮಾತ್ರ ನಿಮ್ಮ ತೆರಿಗೆ ಲೆಕ್ಕಕ್ಕೇ ಬರುತ್ತದೆ. ಇದು ಗೊತ್ತಿಲ್ಲದೆ ನೋಟಿಸ್ ಬಂದ ಮೇಲೆ ಓಡಿಬಂದವರು ಬೇಕಾದಷ್ಟು ಜನ.

ಪನ್ವೇಲ್ ಟವರ್. ನವಿ ಮುಂಬಯಿ ಏರ್‌ಪೋರ್ಟಿನ ಕಥೆ ಕೇಳಿ. ಶಂಕುಸ್ಥಾಪನೆ ಆದದ್ದು 2018ರ ಫೆಬ್ರವರಿಯಲ್ಲಿ. ಉದ್ಘಾಟನೆ 2025ರ ಅಕ್ಟೋಬರಿನಲ್ಲಿ. ವಿಮಾನ ಹಾರಿದ್ದು ಆ ಡಿಸೆಂಬರಿನಲ್ಲಿ. ಉಲ್ವೆ, ಪನ್ವೇಲ್, ಖಾರ್‌ಘರ್ ಕಡೆ 'ಏರ್‌ಪೋರ್ಟ್ ಬರುತ್ತದೆ' ಅಂತ ಹೇಳಿ ಮಾರಲು ಶುರುಮಾಡಿದ್ದು ಶಂಕುಸ್ಥಾಪನೆಗೂ ಎಷ್ಟೋ ವರ್ಷ ಮೊದಲು. ಅಂದರೆ ನೀವು ಇವತ್ತು ಕೊಡುವ ರೇಟಿನಲ್ಲಿ ಏರ್‌ಪೋರ್ಟು ಆಗಲೇ ಸೇರಿದೆ, ಮುಂಬಯಿಯಿಂದ ನವಿ ಮುಂಬಯಿಗೆ ಸಮುದ್ರದ ಮೇಲೆ ಹೋಗುವ, 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವೂ ಸೇರಿದೆ. ಬಂದ ಮೇಲೆ ಏರುತ್ತದೆ ಅನ್ನುವುದಕ್ಕೆ ಬರುವುದು ಇನ್ನೇನು ಬಾಕಿ ಇದೆ? ಅಲ್ಲಿ ಮನೆ ಕೊಳ್ಳಬೇಡಿ ಅಂತ ಅಲ್ಲ. ಅಲ್ಲಿ ಕೆಲಸ ಇರುವವರು, ಇರಲಿಕ್ಕೆ ಹೋಗುವವರು ಧಾರಾಳವಾಗಿ ಕೊಳ್ಳಲಿ. ನೀವು ಕೊಳ್ಳಲು ಹೊರಟಿರುವುದು ಬಾಡಿಗೆಗಾಗಿ. ಕಟ್ಟುತ್ತಿರುವ ಮನೆ ಮೂರೋ ನಾಲ್ಕೋ ವರ್ಷ ಒಂದು ರೂಪಾಯಿ ಬಾಡಿಗೆ ಕೊಡುವುದಿಲ್ಲ. ಬಡ್ಡಿ ಮಾತ್ರ ಮೊದಲ ದಿನದಿಂದ. ಮೇಲೆ ಜಿಎಸ್‌ಟಿ 5 ಪರ್ಸೆಂಟ್. 45 ಲಕ್ಷದೊಳಗೆ, ಕಾರ್ಪೆಟ್ 60 ಚದರ ಮೀಟರ್ ಒಳಗೆ ಇದ್ದರೆ 1 ಪರ್ಸೆಂಟ್. ಓಸಿ (ಕಟ್ಟಡ ವಾಸಕ್ಕೆ ಸಿದ್ಧ ಅಂತ ಪಾಲಿಕೆ ಕೊಡುವ ಪತ್ರ) ಸಿಕ್ಕಿದ ಮನೆಯನ್ನೇ ಕೊಂಡರೆ ಇದು ಯಾವುದೂ ಇಲ್ಲ.

'ಪೊಸೆಶನ್‌ವರೆಗೆ ಕಂತು ನಾವೇ ಕಟ್ಟುತ್ತೇವೆ' ಅನ್ನುವ ಬಿಲ್ಡರುಗಳೂ ಇದ್ದಾರೆ. ಸಾಲ ಯಾರ ಹೆಸರಿನಲ್ಲಿದೆ ನೋಡಿ. ನಿಮ್ಮ ಹೆಸರಿನಲ್ಲಿ. ಅವರು ನಡುವೆ ಕೈಬಿಟ್ಟರೆ ಬ್ಯಾಂಕು ಫೋನ್ ಮಾಡುವುದು ನಿಮಗೆ.

ರೇರಾ (ಬಿಲ್ಡರುಗಳ ಮೇಲೆ ಕಣ್ಣಿಡುವ ಕಾನೂನು) ನಂಬರ್ ಇದೆಯಲ್ಲ ಅಂತ ಕೇಳಬೇಡಿ, ಅದೂ ಡೊಂಬಿವಲಿಯವರು! 65 ಕಟ್ಟಡಗಳ ವಿಷಯ ನಿಮ್ಮ ಸ್ಟೇಷನ್ನಿನ ರಿಕ್ಷಾದವರಿಗೂ ಗೊತ್ತು. ಪಾಲಿಕೆಯ ಪರವಾನಗಿಯನ್ನೇ ನಕಲಿ ಮಾಡಿ, ಅದನ್ನು ತೋರಿಸಿ ಮಹಾರಾಷ್ಟ್ರದ ರೇರಾ ಪ್ರಾಧಿಕಾರವಾದ ಮಹಾರೇರಾದಿಂದ ನಂಬರ್ ತಗೊಂಡರು. ಆ ನಂಬರ್ ನಂಬಿ ಜನ ಜೀವಮಾನದ ಉಳಿತಾಯ ಹಾಕಿದರು. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಆ ಅಕ್ರಮ ಕಟ್ಟಡಗಳನ್ನು ಕೆಡವಲು ಹೇಳಿತು. ರೇರಾ ಒಳ್ಳೆಯ ಕಾನೂನೇ, ನನಗೆ ಅದರ ಮೇಲೆ ಗೌರವ ಇದೆ. ಗಿರಾಕಿಗಳಿಂದ ಬಂದ ದುಡ್ಡಿನಲ್ಲಿ 70 ಪರ್ಸೆಂಟ್ ಆ ಪ್ರಾಜೆಕ್ಟಿನ ಪ್ರತ್ಯೇಕ ಖಾತೆಯಲ್ಲೇ ಇಡಬೇಕು. ಅಗ್ರಿಮೆಂಟ್ ರಿಜಿಸ್ಟರ್ ಆಗದೆ 10 ಪರ್ಸೆಂಟಿಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಪೊಸೆಶನ್ ಆಗಿ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರೇ ಸರಿಮಾಡಿಕೊಡಬೇಕು. ಆದರೆ ನಂಬರ್ ಅನ್ನುವುದು ಬಾಗಿಲು ಅಷ್ಟೇ, ಒಳಗೆ ಹೋಗಿ ನೋಡಬೇಕಾದವರು ನೀವು. ಮಹಾರೇರಾ ವೆಬ್‌ಸೈಟಿನಲ್ಲಿ ಆ ಪ್ರಾಜೆಕ್ಟಿನ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ (ಕಟ್ಟಲು ಶುರುಮಾಡುವ ಪರವಾನಗಿ) ಇಳಿಸಿಕೊಂಡು, ಅದರ ನಂಬರ್ ಹಿಡಿದು ಪಾಲಿಕೆಯ ಟೌನ್ ಪ್ಲಾನಿಂಗ್ ವಿಭಾಗದಲ್ಲಿ 'ಇದು ನಿಮ್ಮಲ್ಲಿಂದ ಹೊರಟದ್ದಾ?' ಅಂತ ಲಿಖಿತವಾಗಿ ಕೇಳಿ. ಒಂದು ದಿನ ರಜೆ ಹಾಕಬೇಕಾಗುತ್ತದೆ. ಹಾಕಿ.

ಗಾಳಾ. ಈ ವಿಷಯದಲ್ಲಿ ನಾನು ಫೀಸು ಕೊಟ್ಟು ಕಲಿತವನು. 2008ರಲ್ಲಿ ಒಂದು ಉಪನಗರದ ಸ್ಟೇಷನ್ ಹಿಂದಿನ ಶಾಪಿಂಗ್ ಸೆಂಟರಿನಲ್ಲಿ, ಮೊದಲ ಮಹಡಿಯಲ್ಲಿ, 140 ಚದರಡಿಯ ಅಂಗಡಿ ಕೊಂಡೆ. ಫ್ಲ್ಯಾಟಿಗಿಂತ ಡಬಲ್ ಬಾಡಿಗೆ ಬರುತ್ತದೆ ಅಂತ ನನ್ನದೇ ಲೆಕ್ಕ ಹೇಳಿತ್ತು. ಎಸ್ಕಲೇಟರ್ ಬರುತ್ತದೆ ಅಂತ ಬಿಲ್ಡರ್ ಹೇಳಿದ್ದ. ಬಂದದ್ದು ಹಿಂಬದಿಯ ಒಂದು ಮೆಟ್ಟಿಲು, ಅದರ ಮೂಲೆ ಮೂಲೆಗೆ ಪಾನಿನ ಕೆಂಪು. ಮೊದಲು ಒಬ್ಬ ಟ್ಯೂಷನ್ ಕ್ಲಾಸಿನವನು ಬಂದ, ಒಂಬತ್ತು ತಿಂಗಳಿಗೆ ಬಿಟ್ಟ. ಆಮೇಲೆ ಒಬ್ಬ ಟೈಲರ್. ಗಿರಾಕಿ ಮೇಲೆ ಹತ್ತಿ ಬರುವುದಿಲ್ಲ ಅಂತ ಅವನೂ ಹೋದ. ಮುಂದೆ 19 ತಿಂಗಳು ಶಟರ್ ಎತ್ತಲಿಲ್ಲ. ಒಂದು ದಿನ ಎತ್ತಲು ಹೋದರೆ ತುಕ್ಕು ಹಿಡಿದು ಅರ್ಧಕ್ಕೇ ನಿಂತಿತು. ಬಗ್ಗಿ ಒಳಗೆ ಹೋದೆ. ಟೈಲರ್ ಬಿಟ್ಟುಹೋದ ಒಂದು ಸೀಮೆಸುಣ್ಣದ ತುಂಡು, ಮೂಲೆಯಲ್ಲಿ ಪಾರಿವಾಳದ ಗೂಡು. ಅಷ್ಟು ತಿಂಗಳೂ ಮೇಂಟೆನೆನ್ಸ್ ಮತ್ತು ತೆರಿಗೆ ನನ್ನ ಜೇಬಿನಿಂದ, ಅದೂ ವಾಣಿಜ್ಯ ದರದಲ್ಲಿ. ಒಂಬತ್ತು ವರ್ಷ ಇಟ್ಟು ಮಾರಿದೆ. ಕೊಂಡ ರೇಟಿಗಿಂತ ಸ್ವಲ್ಪ ಮೇಲೆ ಬಂತು. ಬಡ್ಡಿ ಲೆಕ್ಕ ನಾನು ಹಾಕಲೇ ಇಲ್ಲ, ಮನೆಯಲ್ಲಿ ಹಾಕಿದರು.

ಗ್ರೌಂಡ್ ಫ್ಲೋರ್, ರಸ್ತೆಗೆ ಮುಖ, ಆಗಲೇ ಒಬ್ಬ ಮೆಡಿಕಲ್‌ನವನೋ ದಿನಸಿಯವನೋ ಕೂತು ನಾಲ್ಕು ವರ್ಷವಾಗಿದೆ ಅನ್ನುವಂಥ ಗಾಳಾ ಸಿಕ್ಕಿದರೆ ಬೇರೆ ಮಾತು. ಆದರೆ ಅಂಥದ್ದು 22 ಲಕ್ಷದ ಸುತ್ತಮುತ್ತ ಸಿಗುವುದಿಲ್ಲ. ನಮ್ಮ ಬಜೆಟ್ಟಿಗೆ ಸಿಗುವುದು ನಾನು ಕೊಂಡಂಥದ್ದೇ.

ಊರಿನ ಸೈಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಬಾಡಿಗೆ ಕೊಡುವುದಿಲ್ಲ, ಹುಲ್ಲು ಕೊಡುತ್ತದೆ. ಮುಂದೆ ಊರಿಗೆ ಹೋಗಿ ಮನೆ ಕಟ್ಟುವ ಮನಸ್ಸು ಇದ್ದರೆ ಮಾತ್ರ ಯೋಚಿಸಿ. ಆಗಲೂ ಭೂಪರಿವರ್ತನೆಯ ಆದೇಶ, ಪಂಚಾಯತಿಯ 9/11 ನಮೂನೆಯ ಖಾತೆ ಪತ್ರ ಇಲ್ಲದೆ ಭಾವನ ಮಾತಿನ ಮೇಲೆ ದುಡ್ಡು ಕಳಿಸಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಮನಸ್ಸು ರೀಸೇಲ್ ಫ್ಲ್ಯಾಟಿನ ಕಡೆಗೇ ಇರುತ್ತದೆ ಅಂತ ಗೊತ್ತು. ನಾಲ್ಕರಲ್ಲಿ ಅದೇ ವಾಸಿ, ಸುಳ್ಳು ಹೇಳುವುದಿಲ್ಲ. ಕಣ್ಣಿಗೆ ಕಾಣುತ್ತದೆ, ಮರುತಿಂಗಳೇ ಬಾಡಿಗೆ ಶುರು, ಬೇಕಾದಾಗ ಹೋಗಿ ಬಾಗಿಲು ತಟ್ಟಬಹುದು. ಆದರೆ 42 ಲಕ್ಷದ್ದು ಬೇಡ. ಬದ್ಲಾಪುರ, ಅಂಬರ್‌ನಾಥ್, ಟಿಟ್ವಾಲಾ ಕಡೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒನ್ ಆರ್‌ಕೆಯೋ (ಒಂದು ಕೋಣೆ, ಅಡುಗೆಮನೆ) ಚಿಕ್ಕ ಒನ್ ಬಿಎಚ್‌ಕೆಯೋ ಹುಡುಕಿ. ಸಾಲ 8-10 ಲಕ್ಷ ದಾಟಬಾರದು, 60ರೊಳಗೆ ತೀರಬೇಕು. ಸ್ಟೇಷನ್ ಹತ್ತಿರ ಅಂದರೆ ಬ್ರೋಕರನ ಬೈಕಿನಲ್ಲಿ ಐದು ನಿಮಿಷ ಅಲ್ಲ, ಮಳೆಗಾಲದಲ್ಲಿ ಚೀಲ ಹಿಡಿದು ನಡೆದು ಹತ್ತು ನಿಮಿಷ. ನಮ್ಮ ಬಾಡಿಗೆಯವರು 6.50ರ ಲೋಕಲ್ ಹಿಡಿಯುವ ಜನ. ಸ್ವಿಮ್ಮಿಂಗ್ ಪೂಲ್ ಅವರಿಗೆ ಬೇಡ.

ಕಾಗದಪತ್ರ. ಓಸಿ ಮೊದಲು. ಓಸಿ ಇಲ್ಲದ ಮನೆ ಐದಾರು ಲಕ್ಷ ಕಡಿಮೆಗೆ ಸಿಗುತ್ತದೆ, ಎಲ್ಲರೂ ಇದ್ದಾರಲ್ಲ ಏನಾಗುತ್ತದೆ ಅನ್ನುತ್ತಾರೆ. ನೀವು ಮಾರುವಾಗ ಮುಂದಿನವನಿಗೆ ಬ್ಯಾಂಕು ಸಾಲ ಕೊಡದಿದ್ದರೆ ನೀವೂ ಅಷ್ಟೇ ಕಡಿಮೆಗೆ ಕೊಡಬೇಕು. ಎರಡನೆಯದು, ಬಿಲ್ಡರನಿಂದ ಮೊದಲು ಕೊಂಡವರ ಅಗ್ರಿಮೆಂಟಿನಿಂದ ಈಗಿನವರವರೆಗೆ ಇಡೀ ಚೈನ್, ಪ್ರತಿಯೊಂದೂ ಸ್ಟಾಂಪ್ ಆಗಿ ರಿಜಿಸ್ಟರ್ ಆದದ್ದು. ಒಂದು ಕೊಂಡಿ ತಪ್ಪಿದರೂ ಬ್ಯಾಂಕು ಹಿಂದೆ ಸರಿಯುತ್ತದೆ. ಯಾರು ಯಾರಿಗೆ ಮಾರಿದರು ಅಂತ ತೋರಿಸುವ ನೋಂದಣಿ ಸಾರಾಂಶ, ಇಂಡೆಕ್ಸ್ ಟೂ, ಅದನ್ನು ನೋಂದಣಿ ಇಲಾಖೆಯ ಆನ್‌ಲೈನ್ ಸರ್ಚಿನಲ್ಲಿ ನೀವೇ ತೆಗೆದು ನೋಡಬಹುದು. ಮಾರುವವರ ಸಾಲ ಬಾಕಿ ಇದ್ದರೆ ಮೂಲ ಪತ್ರ ಬ್ಯಾಂಕಿನಲ್ಲಿರುತ್ತದೆ. 'ಆಮೇಲೆ ತಂದುಕೊಡುತ್ತೇನೆ' ಅನ್ನುವವರಿಗೆ ಟೋಕನ್ನೂ ಆಮೇಲೆ. ಮೂರನೆಯದು ಕನ್ವೇಯನ್ಸ್. ಸೊಸೈಟಿಯ ಕಾರ್ಯದರ್ಶಿಯನ್ನು ನೇರವಾಗಿ ಕೇಳಿ: ಜಾಗ ಸೊಸೈಟಿಯ ಹೆಸರಿಗೆ ಆಗಿದೆಯಾ, ಬಿಲ್ಡರ್ ಮಾಡಿಕೊಡದಿದ್ದರೆ ಸರ್ಕಾರಿ ಅಧಿಕಾರಿಯ ಮೂಲಕ ಡೀಮ್ಡ್ ಕನ್ವೇಯನ್ಸ್ ಆದರೂ ಮಾಡಿಸಿದ್ದೀರಾ? ಆಗದಿದ್ದರೆ ನೀವು ಕೊಳ್ಳುವುದು ಗೋಡೆ ಮಾತ್ರ, ಕೆಳಗಿನ ನೆಲ ಇನ್ನೂ ಬೇರೆಯವರ ಹೆಸರಿನಲ್ಲಿದೆ. ಹಳೆಯ ಬಿಲ್ಡಿಂಗಿಗೆ ರೀಡೆವಲಪ್‌ಮೆಂಟ್ ಬರುತ್ತದೆ ಅಂತ ಆಸೆ ತೋರಿಸುತ್ತಾರಲ್ಲ, ಅಲ್ಲಿ ಮೊದಲ ಜಗಳ ಶುರುವಾಗುವುದೇ ಇಲ್ಲಿಂದ.

ಮಾರುವವರು 'ಸ್ವಲ್ಪ ಬ್ಲ್ಯಾಕ್' ಕೇಳುತ್ತಾರೆ. 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ಮನೆ ವ್ಯವಹಾರದಲ್ಲಿ ತಗೊಳ್ಳುವಂತಿಲ್ಲ. ಅಷ್ಟೇ ಅಲ್ಲ, ಅಗ್ರಿಮೆಂಟಿನ ಮೊತ್ತ ಸರ್ಕಾರ ನಿಗದಿ ಮಾಡಿದ ರೆಡಿ ರೆಕನರ್ ಬೆಲೆಗಿಂತ 10 ಪರ್ಸೆಂಟಿಗೂ ಜಾಸ್ತಿ ಕೆಳಗೆ ಹೋದರೆ ಆ ವ್ಯತ್ಯಾಸ ಕೊಂಡವರ ಆದಾಯ ಅಂತ ಲೆಕ್ಕವಾಗುತ್ತದೆ. ನಾಳೆ ನೀವು ಮಾರುವಾಗ ಕೊಂಡ ಬೆಲೆ ಕಾಗದದಲ್ಲಿ ಕಡಿಮೆ ಇರುವುದರಿಂದ ಅವರ ಲಾಭದ ತೆರಿಗೆಯನ್ನೂ ನೀವೇ ಕಟ್ಟಿದ ಹಾಗೆ.

ಇನ್ನು ನಮ್ಮವರು ಅತಿ ಹೆಚ್ಚು ಎಡವುವ ಜಾಗ. ಕಳೆದ ಮಳೆಗಾಲ ಒಬ್ಬ ಹಿರಿಯರು ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು ಚೀಲ, ಅದರೊಳಗೆ ವಸಾಯಿಯ ಫ್ಲ್ಯಾಟಿನ ಪತ್ರ. ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. ಮನೆಯನ್ನು 'ನಮ್ಮ ಊರಿನ ಹುಡುಗ'ನಿಗೆ ಬಾಯಿಮಾತಿನಲ್ಲಿ ಕೊಟ್ಟಿದ್ದರು. ಮೊದಲ ಎರಡು ವರ್ಷ ಸರಿಯಾಗಿ ಬಾಡಿಗೆ. ಆಮೇಲೆ ತಡ. ಆಮೇಲೆ ಇಲ್ಲ. ಆರು ವರ್ಷವಾಗಿದೆ, ಬಿಡುತ್ತಿಲ್ಲ. 'ಅವನ ಅಮ್ಮ ನಮ್ಮ ಮನೆಯಲ್ಲೇ ಬೆಳೆದವಳು, ಕಾಗದ ಮಾಡು ಅಂತ ಹೇಗೆ ಕೇಳುವುದು?' ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ, ಚಹಾ ತರಿಸಿದೆ.

ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಲೀವ್ ಆಂಡ್ ಲೈಸೆನ್ಸ್ ಕರಾರು (ಇಲ್ಲಿ ಮನೆ ಬಾಡಿಗೆಗೆ ಕೊಡುವಾಗ ಮಾಡುವ ಒಪ್ಪಂದ) ಲಿಖಿತವಾಗಿ ಇರಬೇಕು, ರಿಜಿಸ್ಟರ್ ಆಗಲೇಬೇಕು. 11 ತಿಂಗಳಿಗೆ ಬೇಡ ಅನ್ನುವ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ, ಇಲ್ಲಿ ಅದು ನಡೆಯುವುದಿಲ್ಲ. ರಿಜಿಸ್ಟರ್ ಮಾಡಿಸುವ ಜವಾಬ್ದಾರಿ ಮನೆ ಮಾಲೀಕನದ್ದು. ಮಾಡಿಸದಿದ್ದರೆ ತಕರಾರು ಬಂದಾಗ ಷರತ್ತಿನ ಬಗ್ಗೆ ಬಾಡಿಗೆಯವನು ಹೇಳಿದ್ದೇ ಸರಿ ಅಂತ ಹಿಡಿಯುತ್ತಾರೆ, ಅವನದು ಸುಳ್ಳು ಅಂತ ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ. ಕರಾರು ಇದ್ದರೆ, ಅವಧಿ ಮುಗಿದ ಮೇಲೂ ಬಿಡದವರನ್ನು ಬಿಡಿಸಲು ಪ್ರತ್ಯೇಕ ಅಧಿಕಾರಿ ಇದ್ದಾರೆ, ವರ್ಷಗಟ್ಟಲೆ ಸಿವಿಲ್ ಕೋರ್ಟ್ ಅಲೆಯಬೇಕಾಗಿಲ್ಲ. ಬಿಡದೆ ಕೂತ ದಿನಗಳಿಗೆ ಎರಡು ಪಟ್ಟು ಬಾಡಿಗೆ ಕೊಡಬೇಕು ಅಂತಲೂ ಕಾಯ್ದೆಯಲ್ಲಿದೆ. ಇದಕ್ಕೆ ಎಷ್ಟು ಖರ್ಚು? 22 ತಿಂಗಳು, 13,000 ಬಾಡಿಗೆ, 50,000 ಡಿಪಾಸಿಟ್ ಅಂದರೆ ಸ್ಟಾಂಪ್ ಡ್ಯೂಟಿ 0.25 ಪರ್ಸೆಂಟ್ ಲೆಕ್ಕದಲ್ಲಿ ಸುಮಾರು 740 ರೂಪಾಯಿ, ಪಾಲಿಕೆ ಪ್ರದೇಶದಲ್ಲಿ ರಿಜಿಸ್ಟ್ರೇಶನ್ 1,000. ಏಜೆಂಟ್ ಮನೆಗೇ ಬಂದು ಬೆರಳಚ್ಚು ತಗೊಂಡು ಹೋಗುತ್ತಾನೆ. ಇದನ್ನು ಉಳಿಸಲು ಹೋಗಿ ಆರು ವರ್ಷ ಕಳೆದುಕೊಂಡವರು ಆ ಹಿರಿಯರು. ಪೊಲೀಸ್ ಠಾಣೆಗೆ ಬಾಡಿಗೆಯವರ ಮಾಹಿತಿ ಕೊಡುವುದನ್ನೂ ಮರೆಯಬೇಡಿ. ಅವಧಿ ಮುಗಿದ ದಿನ ಹೊಸ ಕರಾರು, ಇಲ್ಲವೇ ಕೀಲಿ. ಊರಿನ ಹುಡುಗನಾದರೂ, ಭಾವನ ತಮ್ಮನಾದರೂ.

ಹೆವಿ ಡಿಪಾಸಿಟ್ ಅಂತ ಒಂದು ಪದ್ಧತಿ ಇದೆ ನೋಡಿ. ಐದು-ಆರು ಲಕ್ಷ ಒಟ್ಟಿಗೆ ತಗೊಂಡು ಬಾಡಿಗೆ ಇಲ್ಲದೆ ಕೊಡುವುದು. ಕಂತಿನ ಕಷ್ಟದಲ್ಲಿರುವವರಿಗೆ ಬಾಯಲ್ಲಿ ನೀರೂರುತ್ತದೆ. ಆ ದುಡ್ಡು ಸಾಲಕ್ಕೋ ಮದುವೆಗೋ ಹೋಗಿರುತ್ತದೆ. ಅವರು ಬಿಟ್ಟು ಹೋಗುವ ದಿನ ಮರಳಿಸಲು ಇನ್ನೊಬ್ಬ ಹೆವಿ ಡಿಪಾಸಿಟ್‌ನವನನ್ನು ಹುಡುಕಬೇಕು. ನಿಮಗೆ ಬೇಡ.

ಮನೆಯೇ ಕೊಳ್ಳದೆ ಬಾಡಿಗೆ ಪಡೆಯುವ ದಾರಿಯೂ ಇದೆ, ಅದನ್ನು ನಮ್ಮವರು ಕಿವಿಗೇ ಹಾಕಿಕೊಳ್ಳುವುದಿಲ್ಲ. ರೀಟ್ ಅನ್ನುತ್ತಾರೆ. ದೊಡ್ಡ ಆಫೀಸು, ಮಾಲುಗಳ ಒಡೆತನವನ್ನು ಯೂನಿಟ್ ಮಾಡಿ ಶೇರು ಮಾರುಕಟ್ಟೆಯಲ್ಲಿ ಮಾರುತ್ತಾರೆ. ನಮ್ಮ ದೇಶದಲ್ಲಿ ಮೊದಲನೆಯದು 2019ರಲ್ಲಿ ಬಂದ ಎಂಬಸಿ. ಐರೋಲಿಯ ಐಟಿ ಪಾರ್ಕುಗಳು ಮೈಂಡ್‌ಸ್ಪೇಸ್ ರೀಟಿನಲ್ಲಿವೆ. ಸೀವುಡ್ಸ್ ಸ್ಟೇಷನ್ ಮೇಲಿನ ಮಾಲಿಗೆ ಮಗಳ ಜತೆ ಹೋಗಿದ್ದರೆ, ಅಲ್ಲಿನ ಅಂಗಡಿಗಳ ಬಾಡಿಗೆ ಹೋಗುವುದು ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ ಅನ್ನುವ ರೀಟಿಗೆ. ಹಂಚಬಹುದಾದ ದುಡ್ಡಿನಲ್ಲಿ ಕನಿಷ್ಠ 90 ಪರ್ಸೆಂಟ್ ಹಂಚಲೇಬೇಕು ಅಂತ ನಿಯಮ ಇದೆ. ಒಂದೊಂದೇ ಯೂನಿಟ್ ಕೊಳ್ಳಬಹುದು. ಕಾಲೇಜು ಫೀಸಿಗೆ 80,000 ಬೇಕಾದರೆ ಅಷ್ಟನ್ನೇ ಮಾರಬಹುದು. ನಲ್ಲಿ ಸೋರಿದರೆ ಫೋನ್ ಬರುವುದಿಲ್ಲ. ಆದರೆ ರೇಟು ದಿನಾ ಮೇಲೆ ಕೆಳಗೆ ಆಗುತ್ತದೆ, ಬೀಳುವ ವರ್ಷವೂ ಇರುತ್ತದೆ. ಬಂದ ದುಡ್ಡಿನ ತೆರಿಗೆ ಲೆಕ್ಕವೂ ಸ್ವಲ್ಪ ಗೋಜಲು, ಬಡ್ಡಿ ಬೇರೆ, ಡಿವಿಡೆಂಡ್ ಬೇರೆ. ಮೊಬೈಲಿನಲ್ಲಿ ದಿನಕ್ಕೆ ನಾಲ್ಕು ಸಲ ರೇಟು ನೋಡಿ ಬಿಪಿ ಏರಿಸಿಕೊಳ್ಳುವ ಸ್ವಭಾವ ನಿಮ್ಮದಾದರೆ ಇದು ಬೇಡವೇ ಬೇಡ.

ನಾನು ನಿಮ್ಮ ಜಾಗದಲ್ಲಿದ್ದರೆ? 5 ಲಕ್ಷ ಎಫ್‌ಡಿಯಲ್ಲಿ ಮುಟ್ಟದೆ ಇಡುತ್ತಿದ್ದೆ. 3-4 ಲಕ್ಷ ಎರಡು-ಮೂರು ರೀಟುಗಳಲ್ಲಿ, ಒಂದೇ ಸಲ ಅಲ್ಲ, ವರ್ಷದಲ್ಲಿ ಹಂಚಿ. ಉಳಿದ ಹದಿಮೂರು ಚಿಲ್ಲರೆ ಲಕ್ಷವನ್ನು ಅವಧಿ ಬೇರೆ ಬೇರೆ ಮಾಡಿ ಡಿಪಾಸಿಟ್ ಇಟ್ಟು, ಮಗಳ ಕಾಲೇಜು ಎಲ್ಲಿ, ಎಷ್ಟು ಅಂತ ಗೊತ್ತಾಗುವವರೆಗೆ ಒಂದು ವರ್ಷ ಸುಮ್ನೆ ಕೂರುತ್ತಿದ್ದೆ. ಆ ವರ್ಷದಲ್ಲಿ ಬದ್ಲಾಪುರ ಸಾಲಿನಲ್ಲಿ ಸಣ್ಣ ಮನೆ ನೋಡುತ್ತಾ ಇರುತ್ತಿದ್ದೆ. ದುಡ್ಡು ಕೈಯಲ್ಲಿದ್ದು ಅವಸರ ಇಲ್ಲದವನಿಗೆ ರೀಸೇಲಿನಲ್ಲಿ ಎರಡು ಲಕ್ಷ ಇಳಿಯುವುದು ಕಷ್ಟವಲ್ಲ.

ಟೋಕನ್ ವಿಷಯ. ಭಾನುವಾರ ಕೊಡಬೇಡಿ. ಬೇರೆ ಗಿರಾಕಿ ಬಂದಿದ್ದಾನೆ ಅನ್ನುತ್ತಾನೆ, ಬರಲಿ. ಭಾನುವಾರ ಬ್ರೋಕರ್ ಇಲ್ಲದೆ ನೀವೊಬ್ಬರೇ ಆ ಬಿಲ್ಡಿಂಗಿಗೆ ಹೋಗಿ, ಬೆಳಿಗ್ಗೆ ನೀರು ಬರುವ ಹೊತ್ತಿಗೆ. ನೀರು ಎಷ್ಟು ಹೊತ್ತು ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು ಸಲ ಬಂತು, ಆ ಫ್ಲ್ಯಾಟಿನವರು ಯಾಕೆ ಮಾರುತ್ತಿದ್ದಾರೆ ಅಂತ ವಾಚ್‌ಮನ್‌ಗೆ ಒಂದು ಕಟಿಂಗ್ ಚಹಾ ಕೊಡಿಸಿ ಕೇಳಿ. ಆಮೇಲೆ ಅದರ ಕೆಳಗಿನ ಮನೆಯ ಬೆಲ್ ಒತ್ತಿ. ಮೇಲಿನ ಬಾತ್‌ರೂಮ್ ಸೋರುತ್ತದೋ ಇಲ್ಲವೋ ಅಂತ ಅವರ ಸೀಲಿಂಗ್ ನೋಡಿದರೆ ಗೊತ್ತಾಗುತ್ತದೆ.